ಮೆಕ್ಕೆಜೋಳದ ದಿಂಡಿನ ಪೈಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡು ನಮ್ಮ ಕಡೆ ಒಲೆಗೆ ಹೋಗುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಒಂದು ಊರಿನಲ್ಲಿ ಅದೇ ದಿಂಡಿನಿಂದ ನೂರೈವತ್ತು ವರ್ಷಗಳಿಂದ ತಂಬಾಕು ಸೇದುವ ಪೈಪ್ ಮಾಡುತ್ತಿದ್ದಾರೆ. ಆ ಪೈಪ್ ಬಗ್ಗೆ ಗೆಳೆಯರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇದು ಈಗಾಗಲೇ ಸೇದುವ ದೊಡ್ಡವರಿಗೆ. ಸೇದದೇ ಇರುವವರು ದಯವಿಟ್ಟು ಇದನ್ನು ಓದಿ ಶುರು ಮಾಡಬೇಡಿ.

ಇದು ನಿಜವಾಗಿ ಸೇದುವ ಪೈಪಾ, ಇಲ್ಲ ಸುಮ್ನೆ ಶೋಕಿಗೆ ಇಟ್ಟುಕೊಳ್ಳುವ ಸಾಮಾನಾ?

ನಿಜವಾದ ಪೈಪೇ. ನೋಡಲು ನಾಟಕದ ಪಾತ್ರದ ಕೈಯಲ್ಲಿರುವ ಸಾಮಾನಿನ ಹಾಗೆ ಕಾಣುತ್ತದೆ, ಅದರಿಂದಲೇ ಈ ಅನುಮಾನ. ಆದರೆ ಮನೆಯಲ್ಲಿ ದುಬಾರಿ ಬ್ರಾಯರ್ ಪೈಪುಗಳ ಸಾಲು ಇಟ್ಟುಕೊಂಡಿರುವವರೂ ಒಂದೆರಡು ದಿಂಡಿನ ಪೈಪ್ ಇಟ್ಟಿರುತ್ತಾರೆ. ಹೊಸ ತಂಬಾಕಿನ ರುಚಿ ನೋಡಲು ಹಲವರು ಕೈ ಹಾಕುವುದು ಇದಕ್ಕೇ. ದಿಂಡು ತನ್ನ ರುಚಿಯನ್ನು ಹೆಚ್ಚು ಸೇರಿಸುವುದಿಲ್ಲ, ತೇವ ಹೀರಿಕೊಳ್ಳುತ್ತದೆ, ತೂಕವೇ ಇಲ್ಲ. ಅಗ್ಗವಾಗಿರುವುದು ಕಳಪೆ ಅನ್ನುವ ಕಾರಣಕ್ಕಲ್ಲ. ಕಚ್ಚಾ ಮಾಲು ಹೊಲದಲ್ಲಿ ಬೆಳೆಯುತ್ತದೆ, ಒಂದೇ ಬೆಳೆಯಲ್ಲಿ ರಾಶಿ ರಾಶಿ ಸಿಗುತ್ತದೆ, ಅಷ್ಟೇ. ಬ್ರಾಯರ್ ಹಾಗಲ್ಲ. ಅದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಂದು ಪೊದೆಯ ಬುಡದ ಗಂಟು. ಆ ಗಂಟು ದಪ್ಪವಾಗಲು ಎಷ್ಟೋ ವರ್ಷ ಬೇಕು.

ಶುರುವಾಗಿದ್ದು ಎಲ್ಲಿ?

ಮಿಸೌರಿ ನದಿಯ ದಂಡೆಯಲ್ಲಿ, ವಾಷಿಂಗ್ಟನ್ ಅನ್ನುವ ಊರಿನಲ್ಲಿ. ರಾಜಧಾನಿ ವಾಷಿಂಗ್ಟನ್ ಅಲ್ಲ. ಇದು ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದ ಚಿಕ್ಕ ಊರು. ಹೆನ್ರಿ ಟಿಬಿ ಅನ್ನುವ ಬಡಗಿ ಹಾಲೆಂಡಿನಿಂದ ವಲಸೆ ಬಂದು ಅಲ್ಲಿ ಅಂಗಡಿ ಇಟ್ಟಿದ್ದ. ಒಬ್ಬ ರೈತ ದಿಂಡೊಂದನ್ನು ಚಾಕುವಿನಲ್ಲಿ ಕೆತ್ತಿ ಪೈಪ್ ಮಾಡಿಕೊಂಡು ಬಂದು, ಇದನ್ನು ಲೇತ್ ಮೇಲೆ ತಿರುಗಿಸಿ ನುಣುಪು ಮಾಡಿಕೊಡು ಅಂದನಂತೆ. ರೈತನಿಗೆ ಅದು ಎಷ್ಟು ಹಿಡಿಸಿತೆಂದರೆ ಟಿಬಿ ಇನ್ನಷ್ಟು ಮಾಡಿ ಅಂಗಡಿಯಲ್ಲಿ ಮಾರಲು ಇಟ್ಟ. 1869ರ ಮಾತಿದು. ಸ್ವಲ್ಪ ಸಮಯದಲ್ಲೇ ಬಡಗಿ ಕೆಲಸ ಹಿಂದೆ ಬಿದ್ದು ಪೈಪೇ ಕಸುಬಾಯಿತು.

ದಿಂಡಿನ ಮೈಯಲ್ಲಿ ಕಾಳು ಕೂತಿದ್ದ ಗುಳಿಗಳು ಇರುತ್ತವಲ್ಲ, ಅವುಗಳಿಗೆ ಗಾರೆಯಂಥ ಪ್ಲಾಸ್ಟರ್ ಮೆತ್ತಿ ನಯಗೊಳಿಸುವ ವಿಧಾನಕ್ಕೆ ಟಿಬಿ 1878ರಲ್ಲಿ ಪೇಟೆಂಟ್ ಪಡೆದ. ಹೊಗೆ ಹಗುರವಾಗಿ, ತಂಪಾಗಿ ಬರುತ್ತದೆ ಅಂತ ಅದನ್ನು ಮೀರ್‌ಶಾಮ್ ಪೈಪಿಗೆ ಹೋಲಿಸಿ ಮಿಸೌರಿ ಮೀರ್‌ಶಾಮ್ ಅಂತ ಹೆಸರಿಟ್ಟ. ಅಸಲಿ ಮೀರ್‌ಶಾಮ್ ಟರ್ಕಿಯಲ್ಲಿ ಸಿಗುವ ಬಿಳಿ ಮೆದುಗಲ್ಲು, ಶ್ರೀಮಂತರ ಪೈಪ್. ಬೇಸಾಯದ ಊರಿನ ಬಡಗಿ ದಿಂಡಿಗೆ ಆ ಹೆಸರು ಕೊಟ್ಟ ಧೈರ್ಯ ನನಗಂತೂ ಇಷ್ಟ. 1907ರಲ್ಲಿ ಕಂಪನಿಗೂ ಅದೇ ಹೆಸರಾಯಿತು. 1925ರ ಹೊತ್ತಿಗೆ ಆ ಊರಿರುವ ಫ್ರಾಂಕ್ಲಿನ್ ಕೌಂಟಿಯಲ್ಲಿ ಡಜನ್ ತನಕ ದಿಂಡಿನ ಪೈಪ್ ಕಂಪನಿಗಳಿದ್ದವು. ಸಿಗರೇಟು ಬಂದು ಎಲ್ಲವನ್ನೂ ನುಂಗಿತು. ಮೊದಲನೆಯದು ಮಾತ್ರ ನದಿ ಎದುರಿನ ಹಳೇ ಇಟ್ಟಿಗೆ ಕಟ್ಟಡದಲ್ಲಿ ಉಳಿದುಕೊಂಡಿದೆ.

ನಮ್ಮ ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳ ಬೇಕಾದಷ್ಟಿದೆ. ಆ ದಿಂಡಿನಲ್ಲಿ ಮಾಡಬಹುದಾ?

ಮಾಡಬಹುದು, ಆದರೆ ಚೆನ್ನಾಗಿ ಬರುವುದು ಕಷ್ಟ. ಈಗಿನ ಹೈಬ್ರಿಡ್ ತಳಿಗಳಲ್ಲಿ ಕಾಳು ಜಾಸ್ತಿ, ದಿಂಡು ಸಣ್ಣ. ರೈತನಿಗೆ ಬೇಕಾಗಿರುವುದೂ ಅದೇ ತಾನೇ? ಪೈಪಿಗೆ ಇದರ ಉಲ್ಟಾ ಬೇಕು: ದಪ್ಪ, ಮರದಂತೆ ಗಟ್ಟಿಯಾದ ದಿಂಡು. ಅಮೆರಿಕದಲ್ಲೂ ಇದೇ ತೊಂದರೆ ಬಂದು, ಮಿಸೌರಿ ವಿಶ್ವವಿದ್ಯಾಲಯದವರು ಪೈಪಿಗೆಂದೇ ದಪ್ಪ ದಿಂಡಿನ ತಳಿ ಮಾಡಿಕೊಟ್ಟರು. ಕಂಪನಿ ಅದನ್ನು ತನ್ನ ಹೊಲದಲ್ಲೇ ಬೆಳೆಯುತ್ತದೆ.

ಕೊಯ್ದ ಮೇಲೂ ಅವಸರ ಇಲ್ಲ. ದಿಂಡು ಮುರಿಯದ ಹಾಗೆ ಕಾಳು ಬಿಡಿಸಬೇಕು. ಈಗಿನ ಕೊಯ್ಲು ಯಂತ್ರ ದಿಂಡನ್ನು ಪುಡಿ ಮಾಡಿಬಿಡುವುದರಿಂದ ಹಳೇ ಕಾಲದ ಯಂತ್ರಗಳನ್ನೇ ಇಟ್ಟುಕೊಂಡಿದ್ದಾರೆ. ಆಮೇಲೆ ಎರಡು ವರ್ಷದ ತನಕ ಒಣಗಲು ಬಿಡುತ್ತಾರೆ. ಒಣಗಿದ್ದನ್ನು ತುಂಡು ಮಾಡಿ, ನಡುವೆ ಕೊರೆದು, ಹೊರಗೆ ತಿರುಗಿಸಿ, ಗುಳಿಗೆ ಪ್ಲಾಸ್ಟರ್ ತುಂಬಿ, ಉಜ್ಜಿ, ಮೆರುಗು ಕೊಟ್ಟು, ಮರದ ಕೊಳವೆ ಸಿಕ್ಕಿಸುತ್ತಾರೆ. ಕೆಲವು ಮಾದರಿಗಳಿಗೆ ಪ್ಲಾಸ್ಟರ್ ಇಲ್ಲದೆ ಗುಳಿಗಳು ಹಾಗೇ ಕಾಣುತ್ತವೆ. ಮನೆಯಲ್ಲಿ ಕೈಯಾಡಿಸುವ ಚಟ ಇದ್ದವರು ಸಿಕ್ಕಿದ್ದರಲ್ಲೇ ದಪ್ಪನೆಯ ದಿಂಡು ಆರಿಸಿ, ಪೂರ್ತಿ ಒಣಗಿಸಿ, ತಳ ತೂತಾಗದಂತೆ ಕೊರೆದು, ಸಣ್ಣ ಬಿದಿರು ಕೊಳವೆ ಹಾಕಿ ನೋಡಬಹುದು. ಹಸಿ ದಿಂಡು ಮಾತ್ರ ಬೇಡ, ಸೀಳುತ್ತದೆ.

ಬೆಲೆ ಎಷ್ಟು? ಯಾವುದು ತಗೊಳ್ಳಲಿ?

ಅಮೆರಿಕದಲ್ಲಿ ಸಾದಾ ಮಾದರಿಗಳು ಹತ್ತು ಡಾಲರಿನ ಆಸುಪಾಸು. ದೊಡ್ಡವು, ಅಲಂಕಾರದವು ಅದಕ್ಕಿಂತ ಮೇಲೆ. ಒಂದು ಸಾಧಾರಣ ಒಳ್ಳೆಯ ಬ್ರಾಯರ್ ಪೈಪಿನ ದುಡ್ಡಿಗೆ ಇವು ಐದಾರು ಬರುತ್ತವೆ.

ಲೆಜೆಂಡ್ ಅನ್ನುವುದು ಚಿಕ್ಕದು, ಅಗ್ಗದ್ದು, ಹೊಸಬರಿಗೆ ಸಾಕು. ಕಂಟ್ರಿ ಜಂಟಲ್‌ಮನ್ ಮತ್ತು ಡಿಪ್ಲೊಮ್ಯಾಟ್ ಮಾದರಿಗಳಿಗೆ ತಳದಲ್ಲಿ ಗಟ್ಟಿ ಮರದ ಬಿಲ್ಲೆ ಕೂರಿಸಿರುತ್ತಾರೆ. ಬುಡ ಬೇಗ ಸುಡುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ಪೈಪ್ ಕಂಟ್ರಿ ಜಂಟಲ್‌ಮನ್ನೇ ಇರಲಿ. ಗೋಡೆ ದಪ್ಪ, ಕೈಗೆ ಬಿಸಿ ತಾಗುವುದು ಕಡಿಮೆ. ಹೊತ್ತು ಕಡಿಮೆ ಇರುವವರಿಗೆ ಚಿಕ್ಕ ಬೌಲ್ (ತಂಬಾಕು ತುಂಬುವ ಬಟ್ಟಲು) ವಾಸಿ, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ದೊಡ್ಡ ಬೌಲ್ ತುಂಬಿದರೆ ಮುಕ್ಕಾಲು ಗಂಟೆ, ಇನ್ನೂ ಜಾಸ್ತಿಯೂ ಆಗಬಹುದು.

ಯಾವ ಕಂಪನಿಯದ್ದು ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಮೂರು ವಿಷಯ ನೋಡಿ: ಮರದ ಕೊಳವೆ ಅಲ್ಲಾಡಬಾರದು, ಬಾಯಿಗೆ ಇಡುವ ತುದಿಯಾದ ಸ್ಟೆಮ್‌ನಿಂದ ಬರಿದೇ ಎಳೆದಾಗ ಗಾಳಿ ಸಲೀಸಾಗಿ ಬರಬೇಕು, ಬೌಲ್‌ನ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು.

ದಿಂಡು ಬೆಂಕಿಗೆ ಸುಟ್ಟು ಹೋಗಲ್ವಾ?

ಎಲ್ಲರೂ ಕೇಳುವ ಪ್ರಶ್ನೆ. ತಂಬಾಕು ಉರಿಯುವುದಿಲ್ಲ, ಕೆಂಡದ ಹಾಗೆ ನಿಧಾನವಾಗಿ ಬೇಯುತ್ತದೆ. ಹಾಗೆ ಸೇದಿದರೆ ಒಳಗೋಡೆ ಸ್ವಲ್ಪ ಕಪ್ಪಾಗಿ, ಅದರ ಮೇಲೆ ತೆಳುವಾದ ಇದ್ದಿಲಿನ ಪದರ ಕೂರುತ್ತದೆ. ಅದೇ ದಿಂಡಿಗೆ ಕಾವಲು. ಜೋರಾಗಿ ಎಳೆದೆಳೆದು ಸೇದಿದರೆ ಮಾತ್ರ ಒಂದು ಕಡೆ ಗೋಡೆ ಸುಟ್ಟು ತೆಳುವಾಗಿ, ಕೊನೆಗೆ ತೂತು ಬೀಳುತ್ತದೆ. ಅಂಚು ಕಪ್ಪಾಗುವುದು ಮಾಮೂಲು. ಬೌಲ್‌ನ ಹೊರಮೈಯಲ್ಲಿ ಕಂದು ಮಚ್ಚೆ ಮೂಡಿದರೆ ಆ ಪೈಪಿನ ಕಾಲ ಮುಗಿಯಿತು ಅಂತ ತಿಳಿಯಿರಿ.

ಒಂದು ಸುಲಭ ಪರೀಕ್ಷೆ: ಬೌಲನ್ನು ಕೆನ್ನೆಗೆ ಇಟ್ಟುಕೊಳ್ಳಿ. ಹಿತವಾದ ಬಿಸಿ ಇದ್ದರೆ ಸರಿ. ತಡೆಯಲು ಆಗದಿದ್ದರೆ ಕೆಳಗಿಟ್ಟು ಆರಲು ಬಿಡಿ.

ಹೊಸ ಪೈಪ್ ಮೊದಮೊದಲು ಮರ ಸುಟ್ಟ ರುಚಿ ಕೊಡುತ್ತಿದೆ. ಕೆಟ್ಟದ್ದು ಸಿಕ್ಕಿತಾ?

ಇಲ್ಲ. ಹಲವು ಮಾದರಿಗಳಲ್ಲಿ ಮರದ ಕೊಳವೆಯ ತುದಿ ಬೌಲ್ ಒಳಗೆ ತುಸು ಚಾಚಿಕೊಂಡಿರುತ್ತದೆ. ಕೆಂಡ ಅಲ್ಲಿಗೆ ಇಳಿದಾಗ ಆ ತುದಿ ಸುಡುತ್ತದೆ, ರುಚಿ ಕೆಡುತ್ತದೆ. ಕೆಲವು ಸಲ ಸೇದಿದ ಮೇಲೆ ಅದು ಇದ್ದಿಲಾಗಿ ಸುಮ್ಮನಾಗುತ್ತದೆ. ತಾಳ್ಮೆ ಇಲ್ಲದವರು ಸಿಗಾರ್ ಬೂದಿಗೆ ನೀರು ಕಲಸಿ, ಮೆತ್ತನೆಯ ಮಣ್ಣಿನ ಹಾಗೆ ಮಾಡಿ, ತಳಕ್ಕೆ ಮೆತ್ತಿ ಒಣಗಿಸುತ್ತಾರೆ. ಗಾಳಿ ದಾರಿ ಮುಚ್ಚಿಹೋಗದಂತೆ ಆ ಹೊತ್ತಿನಲ್ಲಿ ಒಂದು ಪೈಪ್ ಕ್ಲೀನರ್ (ನೂಲು ಸುತ್ತಿದ ತೆಳು ತಂತಿ) ತೂರಿಸಿಟ್ಟಿರಬೇಕು. ಅದಕ್ಕಿಂತ ಸುಲಭ ಅಂದರೆ ಕೊನೆಯ ಚೂರು ತಂಬಾಕಿನ ತನಕ ಸೇದದೆ ಬಿಟ್ಟುಬಿಡುವುದು.

ಇದು ಬಿಟ್ಟರೆ ಬ್ರಾಯರ್‌ಗೆ ಬೇಕಾದ ಹಾಗೆ ಪಳಗಿಸುವ ಕೆಲಸ ದಿಂಡಿಗೆ ಇಲ್ಲ. ತಂದ ದಿನವೇ ಸೇದಬಹುದು.

ತಂಬಾಕು ತುಂಬುವುದು ಹೇಗೆ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಪೈಪ್ ಚೆನ್ನಾಗಿಲ್ಲ ಅಂತ ಬಯ್ಯುವವರಲ್ಲಿ ಬಹಳಷ್ಟು ಜನ ತುಂಬುವುದರಲ್ಲೇ ಎಡವಿರುತ್ತಾರೆ.

ಮೊದಲು ತೇವ ನೋಡಿ. ಡಬ್ಬಿಯಿಂದ ತೆಗೆದ ತಂಬಾಕು ಸಾಮಾನ್ಯವಾಗಿ ಹಸಿಯಾಗಿರುತ್ತದೆ. ಬೇಕಾದಷ್ಟನ್ನು ಕಾಗದದ ಮೇಲೆ ಹರಡಿ ಅರ್ಧ ಗಂಟೆ ಬಿಡಿ. ಚಿಟಿಕೆ ಹಿಡಿದು ಒತ್ತಿ ಬಿಟ್ಟರೆ ಉಂಡೆ ಕಟ್ಟದೆ ಬಿಚ್ಚಿಕೊಳ್ಳಬೇಕು, ಪುಡಿಯೂ ಆಗಬಾರದು. ಮಳೆಗಾಲದ ಮಂಗಳೂರಿನಲ್ಲಿ ಅರ್ಧ ಗಂಟೆ ಸಾಲದು. ಬೇಸಿಗೆಯ ರಾಯಚೂರಿನಲ್ಲಿ ಹತ್ತು ನಿಮಿಷವೇ ಹೆಚ್ಚು.

ಆಮೇಲೆ ಮೂರು ಸಲ ತುಂಬಿ. ಮೊದಲನೆಯದನ್ನು ಸುಮ್ನೆ ಉದುರಿಸಿ, ಒತ್ತಲೇಬೇಡಿ. ಎರಡನೆಯದನ್ನು ಹಗುರವಾಗಿ ಅದುಮಿ. ಮೂರನೆಯದನ್ನು ಸ್ವಲ್ಪ ಬಿಗಿಯಾಗಿ, ಅಂಚಿಗಿಂತ ಚೂರು ಕೆಳಗೆ ನಿಲ್ಲುವಂತೆ ಒತ್ತಿ. ಹೊತ್ತಿಸುವ ಮೊದಲು ಒಂದು ಸಲ ಎಳೆದು ನೋಡಿ. ಗಾಳಿ ಬರಬೇಕು, ಆದರೆ ತುಸು ತಡೆ ಗೊತ್ತಾಗಬೇಕು. ಕೆನ್ನೆ ಒಳಕ್ಕೆ ಹೋಗುವಷ್ಟು ಎಳೆಯಬೇಕಾಯಿತು ಅಂದರೆ ಎಲ್ಲ ಸುರಿದು ಮತ್ತೆ ತುಂಬಿ. ಕಡ್ಡಿ ಹಾಕಿ ಕೆದಕಿ ಸರಿಮಾಡಲು ಹೋಗಬೇಡಿ.

ಹೊತ್ತಿಸುವುದು ಎರಡು ಸಲ. ಬೆಂಕಿಕಡ್ಡಿ ಗೀರಿ, ಮದ್ದಿನ ವಾಸನೆ ಹೋಗುವ ತನಕ ಕಾದು, ಜ್ವಾಲೆಯನ್ನು ತಂಬಾಕಿನ ಮೇಲೆ ಸುತ್ತಲೂ ಆಡಿಸುತ್ತಾ ಮೆಲ್ಲಗೆ ಎಳೆಯಿರಿ. ತಂಬಾಕು ಉಬ್ಬಿ ಮೇಲೇಳುತ್ತದೆ. ತಂಬಾಕು ಒತ್ತುವ ಸಾಧನವಾದ ಟ್ಯಾಂಪರ್‌ನಿಂದ ಹಗುರವಾಗಿ ಒತ್ತಿ ಮಟ್ಟ ಮಾಡಿ. ಮತ್ತೆ ಹೊತ್ತಿಸಿ. ಟ್ಯಾಂಪರ್ ಇಲ್ಲದಿದ್ದರೆ ಚಪ್ಪಟೆ ತಲೆಯ ದೊಡ್ಡ ಮೊಳೆ ಆಗುತ್ತದೆ. ಗ್ಯಾಸ್ ಟಾರ್ಚ್ ಲೈಟರ್ ಮಾತ್ರ ದಿಂಡಿನ ಹತ್ತಿರ ತರಬೇಡಿ, ಅಂಚು ಹೊತ್ತಿಕೊಳ್ಳುತ್ತದೆ.

ಪದೇ ಪದೇ ಆರಿ ಹೋಗುತ್ತಿದೆ, ಏನು ಮಾಡಲಿ?

ಮತ್ತೆ ಹೊತ್ತಿಸಿ. ಅಷ್ಟೇ. ಸಿಗರೇಟಿನಿಂದ ಬಂದವರಿಗೆ ಆರುವುದು ಸೋಲು ಅನಿಸುತ್ತದೆ, ಆರದಿರಲಿ ಅಂತ ಎಳೆಯುತ್ತಲೇ ಇರುತ್ತಾರೆ. ಪೈಪಿನಲ್ಲಿ ಅದು ದಿನನಿತ್ಯದ ಸಂಗತಿ. ಒಂದು ಬೌಲ್‌ಗೆ ಮೂರ್ನಾಲ್ಕು ಕಡ್ಡಿ ಹೋದರೆ ಏನೂ ನಷ್ಟ ಇಲ್ಲ. ಎಳೆದ ಕೂಡಲೇ ಆರುತ್ತಿದ್ದರೆ ಮಾತ್ರ ತಂಬಾಕು ಹಸಿ ಇದೆ, ಇಲ್ಲವೇ ಬಿಗಿಯಾಗಿ ತುಂಬಿದ್ದೀರಿ.

ನಾಲಿಗೆ ಉರಿಯುತ್ತದೆ. ತಂಬಾಕು ಖಾರ ಇದೆಯಾ?

ಬಹಳ ಸಲ ತಂಬಾಕಿನದ್ದಲ್ಲ, ಆವಿಯದ್ದು. ಹಸಿ ತಂಬಾಕನ್ನು ಬೇಗ ಬೇಗ ಎಳೆದಾಗ ಬಿಸಿ ಆವಿ ನಾಲಿಗೆಗೆ ತಾಗುತ್ತದೆ. ಬಿಸಿ ಕಾಫಿಯನ್ನು ತುಟಿಗೆ ತಾಗಿಸಿ ಮೆಲ್ಲಗೆ ಹೀರುತ್ತೇವಲ್ಲ, ಅಷ್ಟೇ ಎಳೆತ ಸಾಕು. ಹೊಗೆ ದಟ್ಟವಾಗಿ ಬರಬೇಕೆಂದೇನಿಲ್ಲ. ಸಕ್ಕರೆ ಅಂಶ ಹೆಚ್ಚಿರುವ ವರ್ಜೀನಿಯಾ ತಂಬಾಕುಗಳನ್ನು ಅವಸರದಲ್ಲಿ ಸೇದಿದರೆ ಉರಿ ಜಾಸ್ತಿ. ಬರ್ಲಿ ಅನ್ನುವ ಇನ್ನೊಂದು ತಂಬಾಕು ಈ ವಿಷಯದಲ್ಲಿ ಸಾಧು.

ಒಳಗೆ ಗೊರಗೊರ ಸದ್ದು?

ನೀರು ನಿಂತಿದೆ. ಸೇದುವ ನಡುವೆಯೇ ಸ್ಟೆಮ್ ತುದಿಯಿಂದ ಪೈಪ್ ಕ್ಲೀನರ್ ತೂರಿಸಿ ಒರೆಸಿ ತೆಗೆಯಿರಿ. ಫಿಲ್ಟರ್ ಇದ್ದರೆ ಕ್ಲೀನರ್ ಒಳಗೆ ಹೋಗುವುದಿಲ್ಲ, ಆರಿದ ಮೇಲೆ ಫಿಲ್ಟರ್ ಬದಲಿಸಿ.

ಯಾವ ತಂಬಾಕು ಹೊಂದುತ್ತದೆ?

ಬರ್ಲಿ. ದಿಂಡಿಗೂ ಬರ್ಲಿಗೂ ಹಳೇ ನಂಟು. ಬಿಳಿ ಬರ್ಲಿ ತಳಿ 1864ರಲ್ಲಿ ಒಹಾಯೊ ರಾಜ್ಯದ ಹೊಲದಲ್ಲಿ ಕಾಣಿಸಿಕೊಂಡಿತು. ಅದನ್ನು ನೆರಳಿನ ಗಾಳಿಯಲ್ಲಿ ಒಣಗಿಸುತ್ತಾರೆ. ಸಕ್ಕರೆ ಕಡಿಮೆ, ಬೀಜ ಹುರಿದಂಥ ಒಣ ರುಚಿ. ಅಮೆರಿಕದ ಔಷಧಿ ಅಂಗಡಿಗಳಲ್ಲಿ ಅಜ್ಜಂದಿರ ಕಾಲದಿಂದ ಮಾರುತ್ತಿದ್ದ ಪ್ರಿನ್ಸ್ ಆಲ್ಬರ್ಟ್, ಕಾರ್ಟರ್ ಹಾಲ್‌ನಂಥ ಮಿಶ್ರಣಗಳಲ್ಲಿ ಬರ್ಲಿಯದ್ದೇ ಮೇಲುಗೈ. ಪ್ರಿನ್ಸ್ ಆಲ್ಬರ್ಟ್ ಮಾರುಕಟ್ಟೆಗೆ ಬಂದದ್ದು 1907ರಲ್ಲಿ. ದುಬಾರಿ ಡಬ್ಬಿಗಳ ಮೋಹ ಇರುವವರು ಇವನ್ನು ಕೀಳಾಗಿ ನೋಡುತ್ತಾರೆ. ದಿಂಡಿನ ಪೈಪಿನಲ್ಲಿ ಒಂದು ಸಲ ನಿಧಾನವಾಗಿ ಸೇದಿ ನೋಡಲಿ, ಆಮೇಲೆ ಮಾತಾಡೋಣ.

ವೆನಿಲ್ಲಾ, ಚೆರ್ರಿ ಪರಿಮಳ ಸೇರಿಸಿದವು ಹೊಗೆಗಿಂತ ಪಕ್ಕದಲ್ಲಿ ಕೂತವರ ಮೂಗಿಗೆ ಚೆನ್ನ. ಅವು ತೇವ ಹಿಡಿದುಕೊಳ್ಳುತ್ತವೆ, ಹೆಚ್ಚು ಒಣಗಿಸಬೇಕು. ಲಟಾಕಿಯಾ ಅನ್ನುವ ತಂಬಾಕು ಸೌದೆ ಹೊಗೆಯಲ್ಲಿ ಒಣಗಿಸಿದ್ದು, ವಾಸನೆ ಗಾಢ. ಅದನ್ನು ಸೇದಿದ ಪೈಪಿನಲ್ಲಿ ಬೇರೆಯದರ ರುಚಿ ಸಿಗುವುದಿಲ್ಲ. ಇಂಥ ಕಡೆಯೇ ಅಗ್ಗದ ಪೈಪಿನ ಅನುಕೂಲ ಕಾಣುವುದು: ಪರಿಮಳದ್ದಕ್ಕೆ ಒಂದು, ಲಟಾಕಿಯಾಗೆ ಒಂದು ಇಟ್ಟುಬಿಡಿ.

ಹುಣಸೂರಿನ ಹೊಗೆಸೊಪ್ಪು ತುಂಬಿ ಸೇದಬಹುದಾ?

ಹುಣಸೂರು, ಪಿರಿಯಾಪಟ್ಟಣ ಕಡೆ ಬೆಳೆಯುವುದು ವರ್ಜೀನಿಯಾ ಜಾತಿಯೇ. ಬ್ಯಾರನ್ ಅನ್ನುವ ಎಲೆ ಒಣಗಿಸುವ ಮನೆಯಲ್ಲಿ ಬಿಸಿಗಾಳಿಗೆ ಬೇಯಿಸಿ ಹಳದಿ ಬಣ್ಣ ಬರಿಸಿ ತಂಬಾಕು ಮಂಡಳಿಯ ಹರಾಜಿಗೆ ತರುತ್ತಾರೆ. ಅಲ್ಲಿಂದ ಅದು ಮುಖ್ಯವಾಗಿ ಸಿಗರೇಟಿಗೆ ಹೋಗುತ್ತದೆ. ಜಾತಿ ಒಂದೇ ಅಂದ ಮಾತ್ರಕ್ಕೆ ಬ್ಯಾರನ್‌ನಿಂದ ಇಳಿಸಿದ ಎಲೆಯನ್ನು ಮುರಿದು ತುಂಬಿದರೆ ಗಂಟಲು ಕೆರೆಯುತ್ತದೆ. ಪೈಪ್ ತಂಬಾಕನ್ನು ಹದವಾಗಿ ಮಾಗಿಸಿ, ಬೇರೆ ಬೇರೆ ಎಲೆ ಬೆರೆಸಿ, ಒತ್ತಿ, ಕತ್ತರಿಸಿರುತ್ತಾರೆ. ಆ ಕೆಲಸ ಆಗಿಲ್ಲದ ಎಲೆ ಬರೀ ಕಚ್ಚಾ ಮಾಲು. ನಿಪ್ಪಾಣಿಯ ಬೀಡಿ ತಂಬಾಕಂತೂ ಇದಕ್ಕಲ್ಲ. ಅದು ಖಡಕ್ಕು, ಚಿಟಿಕೆಯಷ್ಟೇ ಸುತ್ತಿ ಸೇದಲು ಹದ ಮಾಡಿದ್ದು. ಬೌಲ್ ತುಂಬಾ ಹಾಕಿ ಸೇದಿದರೆ ತಲೆ ಸುತ್ತಿ ವಾಂತಿ ಬರಬಹುದು.

ಒಳಗಿರುವ ಕಾಗದದ ಫಿಲ್ಟರ್ ಬೇಕಾ?

ನಿಮ್ಮಿಷ್ಟ. ಆರು ಮಿಲಿಮೀಟರಿನ ಫಿಲ್ಟರ್ ತೇವ ಹೀರುತ್ತದೆ, ಎಳೆತ ಬಿಗಿಯಾಗುತ್ತದೆ, ರುಚಿ ತುಸು ಮಂಕಾಗುತ್ತದೆ. ತೆಗೆದರೆ ಗಾಳಿ ಸರಾಗ, ರುಚಿ ಸ್ಪಷ್ಟ. ಅದು ಇದ್ದರೆ ಆರೋಗ್ಯಕ್ಕೆ ಅಪಾಯ ಇಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ.

ಹೊಗೆ ಎದೆಗೆ ಎಳೆಯುವುದಿಲ್ಲವಲ್ಲ, ಹಾಗಾದರೆ ಅಪಾಯ ಇಲ್ಲ ಅಲ್ವಾ?

ಇದೆ. ಪೈಪ್ ಹೊಗೆ ಬಾಯಲ್ಲೇ ಇಟ್ಟು ಬಿಡುವುದು ರೂಢಿ, ನಿಜ. ಆದರೆ ತುಟಿ, ನಾಲಿಗೆ, ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಪೈಪ್ ಸೇದುವವರಿಗೂ ಇದೆ. ಶ್ವಾಸಕೋಶದ್ದೂ ಹೃದಯದ್ದೂ ಸೇದದವರಿಗಿಂತ ಜಾಸ್ತಿ. ಸಿಗರೇಟು ಬಿಟ್ಟು ಪೈಪ್ ಹಿಡಿದವರು ಹಳೇ ಚಾಳಿಯಲ್ಲಿ ಎದೆಗೂ ಎಳೆಯುತ್ತಾರೆ, ಅದು ಇನ್ನೂ ಕೆಟ್ಟದ್ದು. ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ, ಆದ್ದರಿಂದ ಚಟವೂ ಅಂಟುತ್ತದೆ. ದಿಂಡು ಸಸ್ಯದ್ದು, ನೈಸರ್ಗಿಕ ಅನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ. ಸುಡುತ್ತಿರುವುದು ತಂಬಾಕು. ಬಾಯಲ್ಲಿ ಮಾಯದ ಹುಣ್ಣು, ಬಿಳಿ ಮಚ್ಚೆ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಮಕ್ಕಳು, ಬಸುರಿಯರು ಇರುವ ಮನೆಯೊಳಗೆ ಸೇದಲೇಬಾರದು.

ಕರ್ನಾಟಕದಲ್ಲಿ ಕಾನೂನು ಏನನ್ನುತ್ತದೆ?

ಪೈಪಿಗೆ ಬೇರೆ ರಿಯಾಯಿತಿ ಇಲ್ಲ, ಸಿಗರೇಟಿನ ಕಾಯ್ದೆಯೇ. ಸಾರ್ವಜನಿಕ ಸ್ಥಳದಲ್ಲಿ ಸೇದುವಂತಿಲ್ಲ. ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಅದೇ ತಿದ್ದುಪಡಿ ಹುಕ್ಕಾ ಬಾರ್‌ಗಳನ್ನೂ ಮುಚ್ಚಿಸಿತು. ಅಮೆರಿಕದಲ್ಲೂ 2019ರ ಡಿಸೆಂಬರ್‌ನಿಂದ ವಯಸ್ಸು 21.

ಮ್ಯಾಕ್‌ಆರ್ಥರ್ ಬಾಯಲ್ಲಿದ್ದ ಆ ಉದ್ದನೆಯ ಪೈಪ್ ಸಿಗುತ್ತದಾ?

ಸಿಗುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರ ಆಗಸ್ಟ್ 30ರಂದು, ಜನರಲ್ ಡಗ್ಲಸ್ ಮ್ಯಾಕ್‌ಆರ್ಥರ್ ಜಪಾನಿನ ಅತ್ಸುಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬಾಯಲ್ಲಿ ಕಚ್ಚಿದ್ದದ್ದು ದಿಂಡಿನ ಪೈಪೇ. ಆತ ತನಗೆ ಬೇಕಾದ ಅಳತೆ ಹೇಳಿ ಮಿಸೌರಿಯಿಂದ ಮಾಡಿಸಿಕೊಳ್ಳುತ್ತಿದ್ದ. ಈಗ ಅವನ ಹೆಸರಿನಲ್ಲೇ ಮಾರುತ್ತಾರೆ. ಫೋಟೋಗೆ ಭರ್ಜರಿ. ಸೇದಲು ಅಷ್ಟಕ್ಕಷ್ಟೇ: ಬೌಲ್ ಗೋಪುರದಷ್ಟು ಎತ್ತರ, ತಳದ ತಂಬಾಕು ಒದ್ದೆಯಾಗಿ ಉಳಿಯುತ್ತದೆ, ಹಲ್ಲಿನಲ್ಲಿ ಕಚ್ಚಿ ಹಿಡಿದರೆ ದವಡೆ ನೋವು. ಮಿಸೌರಿಯಲ್ಲೇ ಹುಟ್ಟಿದ ಲೇಖಕ ಮಾರ್ಕ್ ಟ್ವೇನ್ ಕೂಡ ದಿಂಡಿನ ಪೈಪ್ ಸೇದುತ್ತಿದ್ದ. ಅವನ ಹೆಸರಿನದ್ದೂ ಒಂದು ಮಾದರಿ ಇದೆ.

ಶುಚಿ ಮಾಡುವುದು ಹೇಗೆ? ಎಷ್ಟು ದಿನ ಬಾಳುತ್ತದೆ?

ಸೇದಿ ಮುಗಿದ ಮೇಲೆ ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ಸ್ಟೆಮ್ ಎಳೆದರೆ ಕೂಡಿಕೆ ಸಡಿಲವಾಗುತ್ತದೆ. ಬೂದಿ ಕೊಡವಿ, ಕ್ಲೀನರ್ ಒಮ್ಮೆ ಆಡಿಸಿ, ಬಾಯಿ ತೆರೆದು ನಿಲ್ಲಿಸಿಡಿ. ಕಲ್ಲಿಗೆ, ಮೇಜಿಗೆ ಬಡಿಯಬೇಡಿ. ಮರದ ಕೊಳವೆ ಬುಡದಲ್ಲಿ ಅಲ್ಲಾಡಲು ಶುರುವಾಗುತ್ತದೆ. ನೀರಿನಲ್ಲಿ ತೊಳೆಯಲೇಬೇಡಿ, ದಿಂಡು ಉಬ್ಬುತ್ತದೆ. ಬ್ರಾಯರ್‌ನವರು ಮಾಡುವ ಹಾಗೆ ಮದ್ಯ ತುಂಬಿ ನೆನೆಸುವುದೂ ಬೇಡ. ಒಳಗೋಡೆಯ ಇದ್ದಿಲು ಪದರ ಕಾಗದದಷ್ಟು ತೆಳ್ಳಗಿದ್ದರೆ ಸಾಕು. ದಪ್ಪವಾದರೆ ಹಿಗ್ಗಿ ಗೋಡೆ ಸೀಳಬಹುದು, ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಹೀಗೆ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ಒರಟಾಗಿ ಸೇದುವವರು ಕೆಲವೇ ತಿಂಗಳಲ್ಲಿ ಮುಗಿಸುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ಬೂಸು ಹಿಡಿಯದಂತೆ ನೋಡಿ. ಮುಚ್ಚಿದ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಗಾಳಿಯಾಡುವ ಕಡೆ ಇರಲಿ. ತಂಬಾಕಿಗೆ ಮಾತ್ರ ಬಿಗಿ ಮುಚ್ಚಳದ ಗಾಜಿನ ಬಾಟಲಿ.

ಸ್ವಲ್ಪ ದಿನ ಆದಮೇಲೆ ಬ್ರಾಯರ್‌ಗೆ ಹೋಗಬೇಕಾ?

ಹೋಗಲೇಬೇಕು ಅಂತ ಏನೂ ಇಲ್ಲ. ಬ್ರಾಯರ್‌ನ ಚೆಲುವು ಬೇರೆ, ಕೈಗೆ ಸಿಗುವ ಗಟ್ಟಿತನ ಬೇರೆ, ಒಪ್ಪುತ್ತೇನೆ. ರುಚಿಯಲ್ಲಿ ಮೇಲೆ ಅಂತ ಹೇಳಲಾರೆ. ಜೇಬಿನಲ್ಲಿ ಹಾಕಿಕೊಂಡು ತೋಟಕ್ಕೆ, ಮೀನು ಹಿಡಿಯಲು ಹೋಗುವಾಗ ದಿಂಡೇ ಸರಿ, ಬಿದ್ದು ಒಡೆದರೂ ಎದೆ ಧಸಕ್ ಅನ್ನುವುದಿಲ್ಲ. ಇನ್ನೂ ದುಡ್ಡು ಹಾಕುವ ಆಸೆ ಇದ್ದರೆ ಮೊದಲು ಇನ್ನೊಂದು ದಿಂಡು ತಗೊಳ್ಳಿ. ಒಂದು ಒಣಗುತ್ತಿರುವಾಗ ಇನ್ನೊಂದು ಸೇದಬಹುದು.